‘ಇದಕ್ಕೆ ಏನಂತಾರೆ?’: ಇಂಗ್ಲಿಷ್, ಚೈನೀಸ್ ಮತ್ತು ಹೆಸರಿಡೋ ಕೆಲಸ

ಇವತ್ತಿನ ಎಪಿಸೋಡ್ ಒಂದು ಪುಟ್ಟ ಪ್ರಶ್ನೆಯಿಂದ ಶುರುವಾಗುತ್ತೆ. ಗೊತ್ತಿಲ್ಲದ ವಸ್ತು ಕಂಡಾಗ ಕೈ ತೋರಿಸಿ ನಾವು ಕೇಳ್ತೀವಲ್ಲ, “ಇದಕ್ಕೆ ಏನಂತಾರೆ?” ಅಂತ. ಆ ಪ್ರಶ್ನೆ.

ಇದನ್ನೇ ಇಂಗ್ಲಿಷ್‌ನಲ್ಲಿ ಕೇಳಿ ನೋಡಿ. “ವಾಟ್ ಡು ಯು ಕಾಲ್ ದಿಸ್?” ಇಲ್ಲಿ ಕರೆಯುವವರು ಒಬ್ಬರು ಬೇಕೇ ಬೇಕು. ಆ ‘ಯು’ ತೆಗೆದುಬಿಟ್ಟರೆ ವಾಕ್ಯ ನಿಲ್ಲೋದಿಲ್ಲ. ತೆಗೀಲೇಬೇಕು ಅಂದ್ರೆ ಶಾಲೆಯಲ್ಲಿ ನಮ್ಮನ್ನು ಸತಾಯಿಸಿದ ಪ್ಯಾಸಿವ್ ವಾಯ್ಸ್‌ಗೆ ಹೋಗಬೇಕು: “ಇಟ್ ಈಸ್ ಕಾಲ್ಡ್”. ಅಂದರೆ ಯಾರೋ ಕರೆದಿದ್ದಾರೆ, ಯಾರು ಅಂತ ಮಾತ್ರ ಹೇಳ್ತಾ ಇಲ್ಲ.

ಈಗ ಚೈನೀಸ್. ನಾನು ಹೇಳ್ತಿರೋದು ಮ್ಯಾಂಡರಿನ್ ಬಗ್ಗೆ. “ಝೆಗ ಜ್ಯಾವ್ ಶೆನ್ಮ?” ಪದಕ್ಕೆ ಪದ ಇಟ್ಟರೆ “ಇದು, ಕರೆ, ಏನು”. ಅಷ್ಟೇ. ಕರೆಯುವ ಮನುಷ್ಯ ವಾಕ್ಯದಲ್ಲಿ ಎಲ್ಲೂ ಇಲ್ಲ. ಕ್ರಿಯಾಪದ ರೂಪ ಬದಲಾಯಿಸೋ ಭಾಷೆಯೂ ಅದಲ್ಲ, ಹಾಗಾಗಿ ‘ಕಾಲ್’, ‘ಕಾಲ್ಡ್’ ಅನ್ನೋ ವ್ಯತ್ಯಾಸವೂ ಇಲ್ಲ. ಕರ್ತೃವಿನ ಜಾಗದಲ್ಲಿ ವಸ್ತುವೇ ಬಂದು ನಿಂತಿದೆ. ವಸ್ತು ತಾನೇ ಬಾಯಿ ತೆರೆದು ತನ್ನ ಹೆಸರು ಹೇಳ್ತಾ ಇದೆಯೇನೋ ಅನ್ನೋ ಹಾಗೆ.

ಕನ್ನಡ ಇವೆರಡರ ಹಾಗೂ ಅಲ್ಲ. ನಾವು ವಸ್ತುವಿಗೆ ಚತುರ್ಥಿ ವಿಭಕ್ತಿ ಹಚ್ಚುತ್ತೀವಿ: ಇದ‘ಕ್ಕೆ’. ಕ್ರಿಯಾಪದ ‘ಕರೆ’ಯಲ್ಲ, ‘ಅನ್ನು’. ಅನ್ನುವವರು ಯಾರು? ಯಾರೋ. ಜನ. ಊರು. ಕೊಡುಗೆಯ ವಿಭಕ್ತಿಯಲ್ಲಿ ವಸ್ತುವನ್ನು ನಿಲ್ಲಿಸಿ, ಲೋಕ ಅದಕ್ಕೆ ಒಂದು ಮಾತು ಕೊಟ್ಟಿದೆ ಅಂತೀವಿ. ಮೂರು ಭಾಷೆ, ಒಂದೇ ಪ್ರಶ್ನೆ. ಆದರೆ ಹೆಸರು ಎಲ್ಲಿಂದ ಬರುತ್ತೆ ಅನ್ನೋದರ ಚಿತ್ರ ಮೂರರಲ್ಲೂ ಬೇರೆ.

ಹಾಗಂತ ಚೀನೀಯರು ಬೇರೆ ಥರ ಯೋಚನೆ ಮಾಡ್ತಾರೆ, ಅದಕ್ಕೇ ಅವರ ವ್ಯಾಕರಣ ಹೀಗೆ ಅಂತೆಲ್ಲ ನಾನು ಹೇಳೋಕೆ ಹೊರಟಿಲ್ಲ. ವಾಟ್ಸಾಪ್‌ನಲ್ಲಿ ಅಂಥವು ಬೇಕಾದಷ್ಟು ಸಿಗುತ್ತವೆ. ವ್ಯಾಕರಣದಿಂದ ಒಂದು ಜನಾಂಗದ ಮನಸ್ಸು ಓದೋ ಆಟ ನನಗೆ ಹಿಡಿಸಲ್ಲ. ಆದ್ರೆ ಹೆಸರಿಡೋ ಕೆಲಸವನ್ನ ಒಂದು ಭಾಷೆ ಹೇಗೆ ಹೇಳುತ್ತೆ ಅಂತ ನೋಡಿದರೆ, ಆ ಕೆಲಸದಲ್ಲಿ ಯಾರು ಕಾಣಿಸ್ಕೋತಾರೆ, ಯಾರು ಮರೆಯಾಗ್ತಾರೆ ಅನ್ನೋದಂತೂ ಗೊತ್ತಾಗುತ್ತೆ. ಅದು ಯಾಕೆ ಮುಖ್ಯ ಅಂತ ಆಮೇಲೆ ಅರುಣಾಚಲ ಪ್ರದೇಶದ ವಿಷಯಕ್ಕೆ ಬಂದಾಗ ನೋಡೋಣ.

ಮೊದಲು ಆ ‘ಜ್ಯಾವ್’ ಅನ್ನೋ ಪದ. ಅದಕ್ಕೆ ಕೂಗು, ಅರಚು ಅಂತಲೂ ಅರ್ಥ. ನಾಯಿ ಬೊಗಳಿದರೂ ಜ್ಯಾವ್, ಹಕ್ಕಿ ಕೂಗಿದರೂ ಜ್ಯಾವ್, ಟ್ಯಾಕ್ಸಿ ಕರೆದರೂ, ಊಟ ಆರ್ಡರ್ ಮಾಡಿದರೂ ಅದೇ. ಇಂಗ್ಲಿಷ್‌ನ ‘ಕಾಲ್’ ಕೂಡ ಹಾಗೇ. ಅದು ವೈಕಿಂಗ್‌ಗಳ ಭಾಷೆಯಾದ ಹಳೇ ನಾರ್ಸ್‌ನ ‘ಕಲ್ಲಾ’ದಿಂದ ಬಂದದ್ದು, ಅರ್ಥ ಜೋರಾಗಿ ಕೂಗು. ನಮ್ಮ ‘ಕರೆ’? “ಅವನನ್ನ ಕರಿ” ಅಂದ್ರೆ ಕೂಗಿ ಕರೆಯೋದು, “ಅವನನ್ನ ಪುಟ್ಟ ಅಂತ ಕರೀತಾರೆ” ಅಂದ್ರೆ ಹೆಸರು. ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ಭಾಷಾ ಕುಟುಂಬಗಳು, ಮೂರರಲ್ಲೂ ಹೆಸರು ಅನ್ನೋದು ಕೂಗಿನ ಜೊತೆ ಅಂಟಿಕೊಂಡಿದೆ. ಹೊಲದ ಆ ಕಡೆ ಇರೋನನ್ನ ಈ ಕಡೆ ತಿರುಗಿಸೋಕೆ ಬೇಕಾದ ಶಬ್ದವೇ ಹೆಸರು.

ಚೈನೀಸ್‌ನಲ್ಲಿ ಹೆಸರಿಗೆ ‘ಮಿಂಗ್’ ಅಂತಾರೆ. ಆ ಅಕ್ಷರದಲ್ಲಿ ಎರಡು ಭಾಗ: ಮೇಲೆ ಸಂಜೆ ಅನ್ನೋ ಚಿಹ್ನೆ, ಕೆಳಗೆ ಬಾಯಿ. ಸಂಜೆಗೂ ಹೆಸರಿಗೂ ಏನು ಸಂಬಂಧ? ಸುಮಾರು 1900 ವರ್ಷಗಳ ಹಿಂದೆ ಶೂ ಶೆನ್ ಎಂಬ ವಿದ್ವಾಂಸ ‘ಶುವೊವೆನ್ ಜ್ಯೆಝಿ’ ಅನ್ನೋ ನಿಘಂಟು ಮಾಡಿದ. ಅದರಲ್ಲಿ ಅವನು ಕೊಡೋ ವಿವರಣೆ ಇದು: ಕತ್ತಲಾದ ಮೇಲೆ ಒಬ್ಬರಿಗೊಬ್ಬರು ಕಾಣೋದಿಲ್ಲ, ಆಗ ಬಾಯಿಯಿಂದಲೇ ತಾನು ಯಾರು ಅಂತ ಹೇಳಬೇಕು. ಹಳ್ಳಿ ಕಡೆ ರಾತ್ರಿ ಹೊತ್ತು ಬಾಗಿಲು ಬಡಿದರೆ ಒಳಗಿಂದ “ಯಾರದು?” ಅಂತ ಕೇಳ್ತಾರಲ್ಲ, ಹೊರಗಿರೋರು ಆಗ ಹೇಳೋದು ಏನೋ, ಅದು ‘ಮಿಂಗ್’. ಅಕ್ಷರದ ಮೂಲ ಇದೇನಾ ಅಂತ ವಾದ ಮಾಡಬಹುದು, ಆದರೆ ಹೆಸರಿನ ಬಗ್ಗೆ ಇದಕ್ಕಿಂತ ಚೆನ್ನಾದ ವಿವರಣೆ ನಾನಂತೂ ಕೇಳಿಲ್ಲ.

ಇಂಗ್ಲಿಷ್‌ನ ‘ನೇಮ್’ ಮಾತ್ರ ನಮಗೆ ಬಳಸುದಾರಿಯಲ್ಲಿ ನೆಂಟ. ಸಂಸ್ಕೃತದ ‘ನಾಮ’, ಇಂಗ್ಲಿಷ್‌ನ ‘ನೇಮ್’ ಎರಡೂ ಒಂದೇ ಬೇರಿನವು. ನಾವು ಸಂಸ್ಕೃತದಿಂದ ನಾಮಕರಣ ತಗೊಂಡಿದ್ದೀವಿ. ಆದರೆ ಮನೆಯಲ್ಲಿ ಮಾತಾಡೋವಾಗ “ಮಗೂಗೆ ಏನು ಹೆಸರಿಟ್ರಿ?” ಅಂತಲೇ ಕೇಳೋದು. ಇಲ್ಲೂ ಒಂದು ಮಜಾ ಇದೆ. ಕನ್ನಡದಲ್ಲಿ ಹೆಸರನ್ನ ‘ಇಡ್ತೀವಿ’, ಕಳಶ ಇಟ್ಟ ಹಾಗೆ, ಬೊಟ್ಟು ಇಟ್ಟ ಹಾಗೆ. ಇಂಗ್ಲಿಷ್‌ನಲ್ಲಿ ಹೆಸರು ‘ಕೊಡ್ತಾರೆ’. ಚೈನೀಸ್‌ನಲ್ಲಿ ‘ಛೀ ಮಿಂಗ್’ ಅಂತಾರೆ, ಅಂದರೆ ಹೆಸರು ‘ಎಬ್ಬಿಸೋದು’, ಇಲ್ಲಾ ‘ಛ್ಯು ಮಿಂಗ್’, ಹೆಸರು ‘ಆರಿಸಿ ತೆಗೆಯೋದು’. ಆರಿಸೋದು ಅನ್ನೋದು ಸುಮ್ಮನೆ ಬಂದ ಮಾತಲ್ಲ. ಇಂಗ್ಲಿಷ್‌ನವರಿಗೆ ಜಾನ್, ಮೇರಿ ಅಂತ ಸಿದ್ಧವಾದ ಹೆಸರುಗಳ ಒಂದು ಪಟ್ಟಿ ಇದೆ. ಚೀನೀ ಅಪ್ಪ ಅಮ್ಮನ ಮುಂದೆ ಅಂಥ ಪಟ್ಟಿ ಇಲ್ಲ. ಅವರು ಇಡೀ ನಿಘಂಟಿನಿಂದ ಒಂದೋ ಎರಡೋ ಅಕ್ಷರ ಆರಿಸ್ಕೋಬೇಕು. ಅರ್ಥ ಚೆನ್ನಾಗಿರಬೇಕು, ಶಬ್ದ ಚೆನ್ನಾಗಿರಬೇಕು, ಬರೆದರೆ ನೋಡೋಕೂ ಚೆನ್ನಾಗಿರಬೇಕು.

ಅಪರೂಪದ ಅಕ್ಷರ ಆರಿಸಿದರೆ ಫಜೀತಿಯೂ ಉಂಟು. ಕಂಪ್ಯೂಟರ್‌ನಲ್ಲಿ ಆ ಅಕ್ಷರ ಇಲ್ಲ ಅಂದ್ರೆ ಬ್ಯಾಂಕ್ ಖಾತೆ ಇಲ್ಲ, ವಿಮಾನದ ಟಿಕೆಟ್ ಇಲ್ಲ, ಗುರುತಿನ ಚೀಟಿ ಮಾಡಿಸೋಕೂ ಪರದಾಟ. ಚೀನಾದಲ್ಲಿ ವರ್ಷಗಟ್ಟಲೆ ಜನ ಇದನ್ನ ಅನುಭವಿಸಿದರು, ಎಷ್ಟೋ ಜನ ಹೆಸರನ್ನೇ ಬದಲಾಯಿಸ್ಕೊಂಡರು. 2023ರ ಆಗಸ್ಟ್ 1ರಿಂದ ಅಲ್ಲಿ ಹೊಸ ರಾಷ್ಟ್ರೀಯ ಮಾನದಂಡ ಜಾರಿಗೆ ಬಂತು. ಅದರಲ್ಲಿ 87,887 ಚೀನೀ ಅಕ್ಷರಗಳಿವೆ. ದಿನಪತ್ರಿಕೆ ಓದೋಕೆ ಸುಮಾರು 3000 ಸಾಕು. ಉಳಿದದ್ದರಲ್ಲಿ ಒಂದು ದೊಡ್ಡ ಪಾಲು ಬೇಕಾಗಿರೋದು ಹಿಂಗೆ, ಯಾರದೋ ಹೆಸರಿಗೆ, ಯಾವುದೋ ಊರಿನ ಹೆಸರಿಗೆ.

ನಮಗೆ ಇದು ತೀರಾ ಪರಕೀಯ ಅಲ್ಲ ಬಿಡಿ. ಆನ್‌ಲೈನ್ ಫಾರ್ಮ್‌ನಲ್ಲಿ ‘ಲಾಸ್ಟ್ ನೇಮ್’ ಅಂತ ಕೆಂಪು ನಕ್ಷತ್ರ ಹಾಕಿದ ಕಾಲಂ ಮುಂದೆ ಕೂತು, ಅಪ್ಪನ ಹೆಸರು ಹಾಕೋದಾ, ಊರಿನ ಹೆಸರು ಹಾಕೋದಾ, ಇನಿಷಿಯಲ್ ಹಾಕೋದಾ ಅಂತ ತಲೆ ಕೆರ್ಕೊಂಡವರು ಇಲ್ಲಿ ಎಷ್ಟು ಜನ ಇಲ್ಲ? ಆ ಕಾಲಂ ಇಂಗ್ಲಿಷ್ ಹೆಸರಿನ ಅಚ್ಚಿನಲ್ಲಿ ಎರಕ ಹೊಯ್ದದ್ದು. ಚೀನೀಯರಿಗೆ ಮನೆತನದ ಹೆಸರು ಮೊದಲು ಬರುತ್ತೆ. ಬಾಸ್ಕೆಟ್‌ಬಾಲ್ ಆಟಗಾರ ಯಾವ್ ಮಿಂಗ್ ಗೊತ್ತಲ್ಲ, ಅವರ ಜರ್ಸಿ ಮೇಲೆ ‘ಯಾವ್’ ಅಂತಿತ್ತು. ಅದು ಮನೆತನ. ಇನ್ನೊಂದು ವಿಷಯ: ಚೈನೀಸ್‌ನಲ್ಲಿ ಮನೆತನದ ಹೆಸರು, ‘ಶಿಂಗ್’ ಅನ್ನೋದು, ಕ್ರಿಯಾಪದವೂ ಹೌದು. “ವೋ ಶಿಂಗ್ ವಾಂಗ್”. ನಾನು ವಾಂಗ್ ಮನೆತನ ‘ಆಗ್ತೀನಿ’ ಅನ್ನೋ ಥರ. ಇದನ್ನ ಇಂಗ್ಲಿಷ್‌ಗೆ ತರೋಕೆ ಆಗಲ್ಲ, ಕನ್ನಡಕ್ಕೂ ಸರಿಯಾಗಿ ಬರಲ್ಲ.

ಹೆಸರು ಕೂಗೋದರಷ್ಟೇ, ಕೂಗದೇ ಇರೋದೂ ಒಂದು ಕೆಲಸ. ಹಳೇ ಚೀನಾದಲ್ಲಿ ಗಂಡಸಿಗೆ 20 ವರ್ಷ ತುಂಬಿದಾಗ ಎರಡನೇ ಹೆಸರು ಸಿಗ್ತಿತ್ತು, ಆಮೇಲೆ ಸರೀಕರು ಅವನ ಮೊದಲ ಹೆಸರು ಹಿಡಿದು ಕರೆಯೋದು ಅಮರ್ಯಾದೆ. ರಾಜನ ಹೆಸರಂತೂ ಬಾಯಲ್ಲಿ ಬರಕೂಡದು, ಬರೆಯಕೂಡದು. ಬೀಜಿಂಗ್‌ನ ಫರ್ಬಿಡನ್ ಸಿಟಿ ನೋಡಿ ಬರೋರು ಸಾಮಾನ್ಯವಾಗಿ ಉತ್ತರದ ಬಾಗಿಲಿಂದ ಹೊರಗೆ ಬರ್ತಾರೆ. ಅದರ ಹೆಸರು ಶೆನ್‌ವೂ ದ್ವಾರ. ಮೊದಲು ಅದು ಶ್ವಾನ್‌ವೂ ದ್ವಾರ ಆಗಿತ್ತು. ಕಾಂಗ್‌ಶಿ ಚಕ್ರವರ್ತಿ ಪಟ್ಟಕ್ಕೆ ಬಂದ, ಅವನ ಸ್ವಂತ ಹೆಸರು ಶ್ವಾನ್‌ಯೆ. ಆ ‘ಶ್ವಾನ್’ ತಾಗುತ್ತೆ ಅಂತ ಬಾಗಿಲಿನ ಹೆಸರನ್ನೇ ಬದಲಾಯಿಸಿದರು. ನಗು ಬರಬಹುದು. ಆದ್ರೆ ಗಂಡನ ಹೆಸರು ಹೇಳಬಾರದು ಅಂತ “ನಮ್ಮನೆಯವರು” ಅಂದ ಅಜ್ಜಿಯರು ನಮ್ಮಲ್ಲೂ ಇದ್ದಾರೆ. ಉತ್ತರ ಕರ್ನಾಟಕದ ಮದುವೆಗಳಲ್ಲಿ ಹೆಸರನ್ನ ನೇರವಾಗಿ ಹೇಳದೆ ಒಡಪಿನೊಳಗೆ ಹೆಣೆದು ಹೇಳಿಸ್ತಾರೆ, ಆ ನಾಚಿಕೆಯನ್ನೇ ಹಬ್ಬ ಮಾಡಿಬಿಟ್ಟಿದ್ದಾರೆ. ಇಂಗ್ಲಿಷ್‌ನಲ್ಲಿ ಇಂಥದ್ದು ಕಡಿಮೆ. ಆಫೀಸ್‌ಗೆ ಸೇರಿದ ಮೊದಲ ದಿನವೇ ಬಾಸ್ “ಕಾಲ್ ಮಿ ಡೇವಿಡ್” ಅಂತಾರೆ. ನಾವು ಒಂದು ವಾರ ‘ಸರ್’ ಅಂತೀವಿ, ಆಮೇಲೆ ಏನೂ ಕರೆಯದೆ ಮಾತಾಡೋದನ್ನ ಕಲೀತೀವಿ.

ಮನುಷ್ಯರ ಹೆಸರು ಸಾಕು, ವಸ್ತುಗಳಿಗೆ ಬರೋಣ. ನನಗೆ ತುಂಬಾ ಇಷ್ಟವಾದ ಭಾಗ ಇದು.

ಕೆಮಿಸ್ಟ್ರಿ ಚೀನಾಕ್ಕೆ ಹೋದಾಗ ಒಂದು ಸಮಸ್ಯೆ ಬಂತು. ಇಂಗ್ಲಿಷ್‌ನಲ್ಲಿ ಹೊಸ ಧಾತು ಸಿಕ್ಕರೆ ಗ್ರೀಕೋ ಲ್ಯಾಟಿನ್ನೋ ಹುಡುಕಿ ಒಂದು ಪದ ಕಟ್ಟಿದರೆ ಆಯ್ತು. ಚೈನೀಸ್‌ನಲ್ಲಿ ಅಕ್ಷರಮಾಲೆಯೇ ಇಲ್ಲ, ಶಬ್ದವನ್ನ ಹಾಗೇ ಬರೆದುಕೊಳ್ಳೋದು ಕಷ್ಟ. ಶಾಂಘೈನ ಜಿಯಾಂಗ್‌ನಾನ್ ಶಸ್ತ್ರಾಗಾರದ ಅನುವಾದ ವಿಭಾಗದಲ್ಲಿ ಶೂ ಶೋ ಎಂಬ ಚೀನೀ ವಿಜ್ಞಾನಿ, ಜಾನ್ ಫ್ರಯರ್ ಎಂಬ ಇಂಗ್ಲಿಷ್ ಅನುವಾದಕ ಜೊತೆಗೆ ಕೂತರು. 1871ರಲ್ಲಿ ಅವರ ಕೆಮಿಸ್ಟ್ರಿ ಪುಸ್ತಕ ಬಂತು. ಅವರು ಹಿಡಿದ ದಾರಿ: ಒಂದು ಧಾತುವಿಗೆ ಒಂದೇ ಅಕ್ಷರ. ಅಕ್ಷರದ ಒಂದು ಪಕ್ಕದಲ್ಲಿ ‘ಲೋಹ’ ಅನ್ನೋ ಚಿಹ್ನೆ, ಇನ್ನೊಂದು ಪಕ್ಕದಲ್ಲಿ ಪರದೇಶದ ಹೆಸರಿನ ಒಂದು ತುಣುಕು ಶಬ್ದ. ನೇಟ್ರಿಯಂ ಅಂದ್ರೆ ನಮ್ಮ ಸೋಡಿಯಂ, ಅದು ‘ನಾ’ ಆಯ್ತು. ಕ್ಯಾಲ್ಸಿಯಂ ‘ಗಾಯ್’. ಕಾಲಕ್ರಮದಲ್ಲಿ ಪದ್ಧತಿ ಪಕ್ಕಾ ಆಯಿತು: ಲೋಹಕ್ಕೆ ಲೋಹದ ಚಿಹ್ನೆ, ಅನಿಲಕ್ಕೆ ಗಾಳಿಯ ಚಿಹ್ನೆ, ಲೋಹವಲ್ಲದ ಘನವಸ್ತುವಿಗೆ ಕಲ್ಲಿನ ಚಿಹ್ನೆ, ದ್ರವಕ್ಕೆ ನೀರಿನ ಚಿಹ್ನೆ. ಅಂದರೆ ಚೀನೀ ಹುಡುಗಿಯೊಬ್ಬಳು ಪಿರಿಯಾಡಿಕ್ ಟೇಬಲ್ ತೆರೆದರೆ, ಹೆಸರೇ ಗೊತ್ತಿಲ್ಲದ ಧಾತು ಕೂಡ ಕೋಣೆಯ ತಾಪಮಾನದಲ್ಲಿ ಗಟ್ಟಿಯೋ ಗಾಳಿಯೋ ಅಂತ ನೋಡಿಯೇ ಹೇಳಬಲ್ಲಳು. ನಾವು ಗಟ್ಟು ಹೊಡೀಬೇಕು.

ಅನಿಲಗಳ ಹೆಸರು ಇನ್ನೂ ಚೆನ್ನ. ಹೈಡ್ರೋಜನ್‌ಗೆ ‘ಛಿಂಗ್’, ಹಗುರ ಅನ್ನೋ ಪದದಿಂದ. ಕ್ಲೋರಿನ್‌ಗೆ ‘ಲ್ಯೂ’, ಹಸಿರು ಅನ್ನೋದರಿಂದ, ಗ್ರೀಕ್ ಮೂಲದ ‘ಕ್ಲೋರಿನ್’ ಕೂಡ ಅದರ ಹಸಿರು ಹಳದಿ ಬಣ್ಣಕ್ಕೇ ಇಟ್ಟ ಹೆಸರು. ಆಕ್ಸಿಜನ್‌ಗೆ ‘ಯಾಂಗ್’, ಸಾಕು, ಪೋಷಿಸು ಅನ್ನೋ ಪದದಿಂದ. ಈಗ ಕನ್ನಡ ನೋಡಿ. ಆಕ್ಸಿಜನ್‌ಗೆ ನಾವೇನಂತೀವಿ? ಆಮ್ಲಜನಕ. ಯಾಕೆ? ಫ್ರಾನ್ಸ್‌ನ ಲಾವಾಸಿಯೇ ಗ್ರೀಕ್ ಪದ ಹೊಂದಿಸಿ ‘ಆಕ್ಸಿ ಜನ್’, ಆಮ್ಲವನ್ನು ಹುಟ್ಟಿಸೋದು ಅಂತ ಹೆಸರಿಟ್ಟ. ಎಲ್ಲ ಆಮ್ಲಗಳಲ್ಲೂ ಅದು ಇರಲೇಬೇಕು ಅಂತ ಅವನು ನಂಬಿದ್ದ. ಆ ನಂಬಿಕೆ ತಪ್ಪು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಒಂದು ಕಣವೂ ಇಲ್ಲ. ಇಂಗ್ಲಿಷ್‌ನಲ್ಲಿ ಆ ತಪ್ಪು ಗ್ರೀಕ್ ಮುಸುಕಿನಲ್ಲಿದೆ, ಯಾರಿಗೂ ಕಾಣಲ್ಲ. ಕನ್ನಡದಲ್ಲಿ ನಾವು ಮುಸುಕು ತೆಗೆದು ಅನುವಾದ ಮಾಡಿಕೊಂಡೆವು. ಹಾಗಾಗಿ ಹೈಸ್ಕೂಲ್ ಮಕ್ಕಳು ಇವತ್ತಿಗೂ ದಿನಾ ಬೆಳಗ್ಗೆ ಲಾವಾಸಿಯೇನ ತಪ್ಪನ್ನ ಅಚ್ಚಗನ್ನಡದಷ್ಟು ಸಲೀಸಾಗಿ ಉಚ್ಚರಿಸ್ತಾರೆ. ಚೀನೀಯರು ‘ಪೋಷಿಸೋ ಗಾಳಿ’ ಅಂದು ಪಾರಾದರು. ಅಂದ್ರೆ ಆಮ್ಲಜನಕ ಬಿಟ್ಟುಬಿಡಿ ಅಂತಲ್ಲ. ಹೆಸರು ಒಮ್ಮೆ ನಿಂತರೆ ಅದರ ಕಾರಣ ಸತ್ತರೂ ಅದು ಬದುಕಿರುತ್ತೆ.

ಈ ಕೆಲಸ ಇನ್ನೂ ನಡೀತಿದೆ. 2016ರ ನವೆಂಬರ್‌ನಲ್ಲಿ ನಾಲ್ಕು ಹೊಸ ಧಾತುಗಳ ಹೆಸರು ಅಧಿಕೃತವಾಯಿತು: ನಿಹೋನಿಯಂ, ಮಾಸ್ಕೋವಿಯಂ, ಟೆನೆಸ್ಸಿನ್, ಒಗನೆಸ್ಸಾನ್. ಇಂಗ್ಲಿಷ್‌ನಲ್ಲಿ ಅಲ್ಲಿಗೆ ಮುಗೀತು. ಚೀನಾದಲ್ಲಿ ಸಮಿತಿ ಕೂತು, 2017ರ ಮೇನಲ್ಲಿ ನಾಲ್ಕು ಅಕ್ಷರಗಳನ್ನ ಪ್ರಕಟಿಸಿತು: ನೀ, ಮೋ, ಥ್ಯಾನ್, ಆವ್. ಆಮೇಲೆ ಅವುಗಳಲ್ಲಿ ಹೊಸದಾಗಿ ಬಂದವು ಫಾಂಟ್‌ಗೆ ಸೇರಬೇಕು, ಕೀಬೋರ್ಡ್‌ಗೆ ಬರಬೇಕು. ನೀವು ಎಮೋಜಿ ಅಪ್‌ಡೇಟ್‌ಗೆ ಕಾಯ್ತೀರಲ್ಲ, ಅವರು ಒಂದು ಧಾತುವನ್ನ ಟೈಪ್ ಮಾಡೋಕೆ ಹಾಗೆ ಕಾದರು.

ಬ್ರಾಂಡ್‌ಗಳ ಕಥೆ ನೀವು ರೀಲ್ಸ್‌ನಲ್ಲಿ ನೋಡಿರ್ತೀರ, ಬೇಗ ಮುಗಿಸ್ತೀನಿ. ಕೋಕಾ ಕೋಲಾ ಅಲ್ಲಿ ‘ಖಖೋ ಖಲ’, ಬಾಯಿಗೆ ರುಚಿ, ಮನಸ್ಸಿಗೆ ಖುಷಿ. ಬಿಎಂಡಬ್ಲ್ಯೂ ‘ಬಾವ್‌ಮಾ’, ಅಮೂಲ್ಯ ಕುದುರೆ. ಕಂಪ್ಯೂಟರ್ ‘ದ್ಯಾನ್‌ನಾವ್’, ವಿದ್ಯುತ್ ಮಿದುಳು. ಟೆಲಿಫೋನ್ ಮೊದಲು ಶಬ್ದಾನುಸಾರ ‘ದಲ್ಯೂಫೆಂಗ್’ ಅಂತಿತ್ತು. ಆಮೇಲೆ ‘ದ್ಯಾನ್‌ಹುವಾ’, ವಿದ್ಯುತ್ ಮಾತು, ಅನ್ನೋದೇ ನಿಂತಿತು. ಅದು ಜಪಾನ್‌ನಲ್ಲಿ ಹುಟ್ಟಿದ ಪದ. ನಮ್ಮಲ್ಲಿ ಇದರ ಉಲ್ಟಾ: ದೂರವಾಣಿ ಸರ್ಕಾರಿ ಕಾಗದದಲ್ಲಿ ಉಳಿಯಿತು, ಫೋನ್ ಜೇಬಿಗೆ ಬಂತು.

ಈಗ ಅರುಣಾಚಲದ ವಿಷಯ. ಅದಕ್ಕೂ ಮುಂಚೆ ಇಬ್ಬರನ್ನ ಪರಿಚಯ ಮಾಡಿಸಬೇಕು.

ಒಬ್ಬ ಆಕ್ಸ್‌ಫರ್ಡ್‌ನ ತತ್ವಜ್ಞಾನಿ ಜೆ. ಎಲ್. ಆಸ್ಟಿನ್. 1955ರಲ್ಲಿ ಹಾರ್ವರ್ಡ್‌ನಲ್ಲಿ ಅವನು ಕೊಟ್ಟ ಉಪನ್ಯಾಸಗಳು 1962ರಲ್ಲಿ ಪುಸ್ತಕವಾದವು. ಅವನ ವಾದ: ಕೆಲವು ಮಾತುಗಳು ಸುದ್ದಿ ಹೇಳೋದಿಲ್ಲ, ಕೆಲಸ ಮಾಡುತ್ತವೆ. ಹೊಸ ಹಡಗಿಗೆ ಬಾಟಲಿ ಒಡೆದು “ಈ ಹಡಗಿಗೆ ಇಂಥ ಹೆಸರಿಡುತ್ತೇನೆ” ಅಂದರೆ, ಆ ಮಾತು ಆಡಿದ್ದೇ ಹೆಸರಿಟ್ಟದ್ದು. ನಿಜವೋ ಸುಳ್ಳೋ ಅಂತ ಕೇಳೋಕೆ ಬರಲ್ಲ. ಆದರೆ ಒಂದು ಷರತ್ತು: ಹೇಳೋರಿಗೆ ಆ ಅಧಿಕಾರ ಇರಬೇಕು. ದಾರಿಹೋಕ ಒಬ್ಬ ಬಾಟಲಿ ಕಿತ್ಕೊಂಡು ಒಡೆದು “ಇದರ ಹೆಸರು ಮಿಸ್ಟರ್ ಸ್ಟಾಲಿನ್” ಅಂದುಬಿಟ್ಟರೆ? ಇದು ಆಸ್ಟಿನ್ನನದೇ ತಮಾಷೆಯ ಉದಾಹರಣೆ. ಹಡಗಿಗೆ ಹೆಸರು ಬೀಳಲ್ಲ. ಇಂಥ ವಿಧ್ಯುಕ್ತ ನಾಮಕರಣಕ್ಕೆ ಚೈನೀಸ್‌ನಲ್ಲಿ ಇರೋ ಪದ ‘ಮಿಂಗ್‌ಮಿಂಗ್’. ಎರಡು ‘ಮಿಂಗ್’ ಕೇಳಿಸಿದರೂ ಸ್ವರ ಬೇರೆ, ಅಕ್ಷರ ಬೇರೆ. ಮೊದಲನೆಯದಕ್ಕೆ ಆಜ್ಞೆ ಅಂತ ಅರ್ಥ, ಎರಡನೆಯದು ಹೆಸರು. ಆಸ್ಟಿನ್ ಒಂದು ಉಪನ್ಯಾಸ ಮಾಡಿ ಹೇಳಿದ್ದನ್ನ ಆ ಪದ ಎರಡು ಅಕ್ಷರದಲ್ಲಿ ಇಟ್ಕೊಂಡಿದೆ.

ಇನ್ನೊಬ್ಬ ಕನ್ಫ್ಯೂಷಿಯಸ್. (ಅವನನ್ನ ಊರಲ್ಲಿ ಯಾರೂ ಹಾಗೆ ಕರೆದಿರಲಿಲ್ಲ. ಖೋಂಗ್ ಫೂಝ ಅನ್ನೋದನ್ನ ಜೆಸ್ಯೂಟ್ ಪಾದ್ರಿಗಳು ಲ್ಯಾಟಿನ್ ಮಾಡಿದ್ದು.) ನಿನ್ನ ಕೈಗೆ ರಾಜ್ಯಭಾರ ಕೊಟ್ಟರೆ ಮೊದಲು ಏನು ಮಾಡ್ತೀಯ ಅಂತ ಶಿಷ್ಯ ಕೇಳಿದ. ಗುರು ಹೇಳಿದ್ದು, ಹೆಸರುಗಳನ್ನ ಸರಿಪಡಿಸ್ತೀನಿ ಅಂತ. ‘ಝೆಂಗ್‌ಮಿಂಗ್’. ಶಿಷ್ಯನಿಗೇ ಇದು ಸುತ್ತುಬಳಸು ಅನ್ನಿಸ್ತು. ಗುರು ಅವನನ್ನ ಗದರಿಸಿ, ಹೆಸರು ಸರಿಯಿಲ್ಲದಿದ್ದರೆ ಮಾತು ಸರಿಯಿರಲ್ಲ, ಮಾತು ಸರಿಯಿಲ್ಲದಿದ್ದರೆ ಕೆಲಸ ಕೆಡುತ್ತೆ ಅಂತ ವಿವರಿಸಿದ.

ಈ ‘ಝೆಂಗ್‌ಮಿಂಗ್’ ಚೀನಾದ ಆಡಳಿತದಲ್ಲಿ ಇವತ್ತಿಗೂ ಜೀವಂತ. ಎವರೆಸ್ಟ್ ತಗೊಳ್ಳಿ. 1865ರಲ್ಲಿ ಲಂಡನ್‌ನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಆ ಶಿಖರಕ್ಕೆ ಭಾರತದ ಮಾಜಿ ಸರ್ವೇಯರ್ ಜನರಲ್ ಜಾರ್ಜ್ ಎವರೆಸ್ಟ್ ಹೆಸರನ್ನ ಸ್ವೀಕರಿಸಿತು. ಸ್ವತಃ ಎವರೆಸ್ಟ್ ಬೇಡ ಅಂದಿದ್ದ, ಈ ದೇಶದ ಜನರ ಬಾಯಿಗೆ, ಬರಹಕ್ಕೆ ಅದು ಒಗ್ಗಲ್ಲ ಅಂತ. ಟಿಬೆಟ್ ಕಡೆಯವರು ಮೊದಲಿಂದ ಅದನ್ನ ಚೋಮೋಲುಂಗ್ಮಾ ಅಂತಿದ್ರು. ಚೀನಾ 1952ರಲ್ಲಿ ಇಂಗ್ಲಿಷ್ ಹೆಸರಿನ ನಕಲನ್ನ ಕೈಬಿಟ್ಟು, ಟಿಬೆಟನ್ ಹೆಸರಿನ ಚೀನೀ ರೂಪ ‘ಝೂಮುಲಾಂಗ್ಮಾ’ವನ್ನ ಅಧಿಕೃತ ಮಾಡಿತು. ಆ ಮಟ್ಟಿಗೆ ಅದು ಒಳ್ಳೇ ಕೆಲಸವೇ.

ಅದೇ ಕೈ ಅರುಣಾಚಲದ ಕಡೆಗೂ ಚಾಚಿದೆ. ಚೀನಾ ಅದನ್ನ ‘ಝಾಂಗ್‌ನಾನ್’, ಟಿಬೆಟ್‌ನ ದಕ್ಷಿಣ, ಅನ್ನುತ್ತೆ. ಅಲ್ಲಿನ ಊರು, ಬೆಟ್ಟ, ನದಿಗಳಿಗೆ ಹೆಸರಿನ ಪಟ್ಟಿಗಳನ್ನ ಬಿಡ್ತಾ ಬಂದಿದೆ: 2017ರಲ್ಲಿ 6, 2021ರಲ್ಲಿ 15, 2023ರಲ್ಲಿ 11, 2024ರಲ್ಲಿ 30, 2025ರಲ್ಲಿ 27. ಪ್ರತಿ ಸಲವೂ ಭಾರತ ಸಾರಾಸಗಟಾಗಿ ತಳ್ಳಿಹಾಕಿದೆ. 2024ರ ಏಪ್ರಿಲ್‌ನಲ್ಲಿ ವಿದೇಶಾಂಗ ಸಚಿವ ಎಸ್. ಜೈಶಂಕರ್ ಕೇಳಿದ ಪ್ರಶ್ನೆಯ ತಾತ್ಪರ್ಯ ಇಷ್ಟು: ನಿಮ್ಮ ಮನೆಗೆ ನಾನು ಬೇರೆ ಹೆಸರಿಟ್ಟರೆ ಅದು ನನ್ನ ಮನೆ ಆಗುತ್ತಾ? ಆಸ್ಟಿನ್‌ನ ದಾರಿಹೋಕನ ಬಾಟಲಿ ನೆನಪಾಯ್ತಾ?

ಗಮನಿಸಬೇಕಾದ್ದು ಏನಂದ್ರೆ, ಬೀಜಿಂಗ್ ಇದನ್ನ ಹೆಸರು ‘ಬದಲಾಯಿಸೋದು’ ಅನ್ನೋದೇ ಇಲ್ಲ. ಹೆಸರನ್ನ ‘ಪ್ರಮಾಣೀಕರಿಸೋದು’ ಅನ್ನುತ್ತೆ. ಮೊದಲಿನಿಂದ ಇದ್ದದ್ದನ್ನ ಒಪ್ಪ ಮಾಡಿದ ಹಾಗೆ. ಹೆಸರಿಟ್ಟವರು ವಾಕ್ಯದಿಂದ ಮಾಯ, ಊರೇ ತನ್ನ ಹೆಸರು ಹೇಳಿಕೊಂಡ ಹಾಗೆ. ಅಂದರೆ ಕ್ರಿಯಾಪದದಲ್ಲೇ ಅರ್ಧ ವಾದ ಮುಗಿದಿರುತ್ತೆ. ಇನ್ನರ್ಧ ನಮ್ಮ ಹೆಡ್‌ಲೈನ್‌ನಲ್ಲಿ. “ಅರುಣಾಚಲದ 30 ಸ್ಥಳಗಳಿಗೆ ಚೀನಾ ಮರುನಾಮಕರಣ” ಅಂತ ಬರೆದರೆ, ಕೆಲಸ ಆಗಿಹೋಯ್ತು ಅಂತ ನಾವೇ ಸಹಿ ಹಾಕಿದ ಹಾಗೆ. ಇಂಗ್ಲಿಷ್ ಪತ್ರಿಕೆಗಳು ‘ರೀನೇಮ್ಸ್’ ಅನ್ನೋದಕ್ಕೆ ಉದ್ಧರಣ ಚಿಹ್ನೆ ಹಾಕಿ ಜಾರಿಕೊಳ್ಳುತ್ತವೆ. ಆದ್ರೆ ಪಾಡ್‌ಕಾಸ್ಟ್‌ನಲ್ಲಿ ಉದ್ಧರಣ ಚಿಹ್ನೆ ಕೇಳಿಸಲ್ಲವಲ್ಲ.

ಕನ್ನಡದಲ್ಲಿ ಅದಕ್ಕೊಂದು ಉಪಾಯ ಇದೆ, ಎರಡೇ ಎರಡು ಅಕ್ಷರದ್ದು. ‘ಕೊಂಡು’. “ಚೀನಾ ಹೆಸರಿಟ್ಟಿದೆ” ಅನ್ನೋದು ಒಂದು. “ಚೀನಾ ಹೆಸರಿಟ್ಟುಕೊಂಡಿದೆ” ಅನ್ನೋದು ಇನ್ನೊಂದು. ಎರಡನೆಯದರಲ್ಲಿ ಆ ಹೆಸರು ಅವರ ಪಾಡಿಗೆ, ಅವರ ಅನುಕೂಲಕ್ಕೆ, ಅವರ ಮನೆಯೊಳಗೆ ಉಳಿಯುತ್ತೆ. ತವಾಂಗ್‌ನಲ್ಲಿ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯೋರು ಅದನ್ನ ತವಾಂಗ್ ಅಂತಲೇ ಅಂತಾರೆ. ಇದನ್ನ ಇಂಗ್ಲಿಷ್‌ನಲ್ಲಿ ಹೇಳೋಕೆ ಒಂದು ಇಡೀ ವಾಕ್ಯ ಬೇಕು. ಮುಂದಿನ ಪಟ್ಟಿ ಬಂದಾಗ ಯಾವ ಪೇಪರ್, ಯಾವ ಚಾನೆಲ್ ಯಾವ ಕ್ರಿಯಾಪದ ಹಾಕಿದೆ ಅಂತ ನೋಡಿ, ಸ್ಕ್ರೀನ್‌ಶಾಟ್ ತೆಗೆದು ನಮಗೂ ಕಳಿಸಿ. ಮುಂದಿನ ವಾರ ಸಿಗೋಣ.